ಅಗಲಿದವರ ಬಗ್ಗೆ ಬರೆಯುವ ಮುನ್ನ: ನುಡಿನಮನಕ್ಕೊಂದು ಹಂತ ಹಂತದ ಮಾರ್ಗದರ್ಶಿ

ಹೆಸರಾಂತರು ಯಾರಾದರೂ ತೀರಿಕೊಂಡಾಗಲೆಲ್ಲ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಸುದ್ದಿ ನಿಜವೇ ಎಂದು ತಿಳಿಯುವುದು ಹೇಗೆ, ಎಷ್ಟು ಬೇಗ ಬರೆಯಬೇಕು, ಅವರ ತಪ್ಪುಗಳನ್ನೂ ಹೇಳಬಹುದೇ, ಚಿತ್ರವನ್ನು ಎಲ್ಲಿಂದ ತೆಗೆದುಕೊಳ್ಳಬೇಕು, ಹೆಸರಾಂತರಲ್ಲದ ನಮ್ಮ ಮೇಷ್ಟರ ಬಗ್ಗೆಯೋ ಸಹೋದ್ಯೋಗಿಯ ಬಗ್ಗೆಯೋ ಬರೆಯುವುದಾದರೆ ಬೇರೇನು ಮಾಡಬೇಕು ಎಂಬಿವು ಅವುಗಳಲ್ಲಿ ಮುಖ್ಯವಾದವು. ಪ್ರತಿ ಸಲವೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ವಿವರಿಸಿದ್ದೇನೆ. ಸಾಮಾಜಿಕ ಜಾಲತಾಣದಲ್ಲಿ ನಾಲ್ಕು ಸಾಲು ಬರೆಯುವವರಿಗೂ ಸಂಚಿಕೆಯೊಂದಕ್ಕೆ ಎರಡು ಪುಟ ಬರೆಯುವವರಿಗೂ ಹಂತಗಳು ಇವೇ. ಎಷ್ಟು ಆಳಕ್ಕೆ ಇಳಿಯುತ್ತೀರಿ ಎಂಬುದಷ್ಟೇ ಬೇರೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಎಚ್ಚರಿಕೆಗಳೆಲ್ಲ ಅದರಿಂದಲೇ ಹುಟ್ಟಿವೆ. ಅಗಲಿದವರನ್ನು ಬಲ್ಲವರಿಗೆ ನಿಮ್ಮ ಬರಹದ ಅಗತ್ಯ ಅಷ್ಟಾಗಿ ಇರುವುದಿಲ್ಲ; ಅವರನ್ನು ಕಾಣದ, ಅವರ ಕೆಲಸವನ್ನು ಅರಿಯದ ಓದುಗನಿಗಾಗಿ ಬರೆಯಿರಿ. ಅಂಥ ಓದುಗನಿಗೆ ವಿಶೇಷಣಗಳಿಂದ ಏನೂ ತಿಳಿಯುವುದಿಲ್ಲ. ಅವರು ಮಾಡಿದ್ದೇನು ಎಂಬುದು ಖಚಿತವಾಗಿ ತಿಳಿದರೆ ಮಾತ್ರ ಅವರು ಯಾರೆಂದು ತಿಳಿಯುತ್ತದೆ.

ಆರಂಭಿಸುವ ಮುನ್ನ

ಬರೆಯಲಿರುವುದು ಯಾವ ಬಗೆಯ ಬರಹ ಎಂಬುದನ್ನು ತೀರ್ಮಾನಿಸಿಕೊಳ್ಳಿ. ನಿಧನ ವಾರ್ತೆ ಎಂದರೆ ಯಾರು, ಯಾವಾಗ, ಎಲ್ಲಿ ತೀರಿಕೊಂಡರು ಎಂಬ ಸುದ್ದಿ. ಸಂತಾಪ ಸೂಚನೆ ಮನೆಯವರನ್ನು ಉದ್ದೇಶಿಸಿದ್ದು. ಅದು ಚಿಕ್ಕದಾಗಿರಬೇಕು ಮತ್ತು ಅದರಲ್ಲಿ ಬರೆದವರ ಪ್ರಸ್ತಾಪ ಕಡಿಮೆ ಇರಬೇಕು. ನುಡಿನಮನ ಅಥವಾ ಶ್ರದ್ಧಾಂಜಲಿ ಲೇಖನ ಅವರ ಬದುಕು ಮತ್ತು ಕೆಲಸವನ್ನು ಒಟ್ಟಾಗಿ ನೋಡುತ್ತದೆ. ವ್ಯಕ್ತಿಚಿತ್ರವು ಒಡನಾಟದ ನೆನಪುಗಳಿಂದ ಕಟ್ಟಿದ್ದು, ಅದಕ್ಕೆ ಅವಸರವೇ ಇಲ್ಲ. ಈ ನಾಲ್ಕನ್ನೂ ಒಂದೇ ಬರಹದಲ್ಲಿ ಕಲಸಿದಾಗ ಮೊದಲ ಸಾಲಿನಲ್ಲಿ ಸುದ್ದಿ, ಎರಡನೆಯದರಲ್ಲಿ ಪ್ರಾರ್ಥನೆ, ಮೂರನೆಯದರಿಂದ ಕೊನೆಯವರೆಗೆ ಬರೆದವರ ಆತ್ಮಕಥೆ ಎಂಬಂತಾಗುತ್ತದೆ. ನಾನು ಓದುವ ನುಡಿನಮನಗಳಲ್ಲಿ ಬಹುಪಾಲು ಸೋಲುವುದು ಇಲ್ಲಿಯೇ.

ಕೈಯಲ್ಲಿ ಇರಬೇಕಾದವು ಹೆಚ್ಚೇನಿಲ್ಲ. ಸಾವನ್ನು ಖಚಿತಪಡಿಸುವ, ಒಂದನ್ನೊಂದು ಅವಲಂಬಿಸದ ಎರಡು ಮೂಲಗಳು ಬೇಕು. ಅಗಲಿದವರ ಕೆಲಸದ ಒಂದು ನಿಜವಾದ ಮಾದರಿ ಬೇಕು. ಲೇಖಕರಾದರೆ ಪುಸ್ತಕ, ಗಾಯಕರಾದರೆ ಧ್ವನಿಮುದ್ರಣ, ವಿಜ್ಞಾನಿಯಾದರೆ ಅವರ ಸಂಶೋಧನೆಯ ಬಗ್ಗೆ ಸರಳವಾಗಿ ಬರೆದ ಒಂದು ಲೇಖನ. ಅವರೊಂದಿಗೆ ಕೆಲಸ ಮಾಡಿದ ಒಬ್ಬಿಬ್ಬರ ಸಂಪರ್ಕ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬರೆದಾದ ಮೇಲೆ ಓದಿ ತಪ್ಪು ಹಿಡಿಯುವ ಎರಡನೆಯ ಕಣ್ಣು ಬೇಕು.

ಹಂತ 1: ಸುದ್ದಿಯನ್ನು ಖಚಿತಪಡಿಸಿಕೊಳ್ಳಿ

ಬದುಕಿರುವವರಿಗೆ ಶ್ರದ್ಧಾಂಜಲಿ ಸಲ್ಲಿಸುವ ಪ್ರಮಾದವನ್ನು ಸಾಮಾನ್ಯರಷ್ಟೇ ಮಾಡುತ್ತಾರೆಂದಲ್ಲ. 1979ರ ಮಾರ್ಚ್‌ನಲ್ಲಿ ಜಯಪ್ರಕಾಶ ನಾರಾಯಣ್ ಅವರು ತೀರಿಕೊಂಡರೆಂದು ಲೋಕಸಭೆಯಲ್ಲಿಯೇ ಪ್ರಕಟಿಸಲಾಯಿತು, ಆಕಾಶವಾಣಿ ಅದನ್ನು ಬಿತ್ತರಿಸಿತು. ಅವರು ಆಗ ಮುಂಬೈಯ ಆಸ್ಪತ್ರೆಯಲ್ಲಿ ಜೀವಂತವಾಗಿದ್ದರು. ನಿಧನರಾದದ್ದು ಅದೇ ವರ್ಷದ ಅಕ್ಟೋಬರ್ 8ರಂದು. ಇತ್ತೀಚಿನ ಉದಾಹರಣೆ ಬೇಕಾದರೆ 2024ರ ಡಿಸೆಂಬರ್ 15ರ ರಾತ್ರಿಯನ್ನು ನೆನಪಿಸಿಕೊಳ್ಳಿ. ತಬಲಾ ವಾದಕ ಜಾಕಿರ್ ಹುಸೇನ್ ಇನ್ನಿಲ್ಲವೆಂಬ ಸುದ್ದಿ ಭಾರತದಲ್ಲಿ ಹರಡಿ ಗಣ್ಯರ ಸಂತಾಪಗಳೂ ಪ್ರಕಟವಾದವು, ಅವರು ಇನ್ನೂ ಉಸಿರಾಡುತ್ತಿದ್ದಾರೆ ಎಂದು ಬಂಧುಗಳು ಹೇಳಬೇಕಾಗಿ ಬಂತು, ಕುಟುಂಬದ ಅಧಿಕೃತ ಹೇಳಿಕೆ ಬರುವಷ್ಟರಲ್ಲಿ ಭಾರತದಲ್ಲಿ ಮರುದಿನದ ಬೆಳಗಾಗಿತ್ತು. ಸುದ್ದಿ ಕೊನೆಗೆ ನಿಜವಾಯಿತಲ್ಲ ಎಂದು ಸಮಾಧಾನ ಹೇಳಿಕೊಳ್ಳುವಂತಿಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತ ಮನೆಯವರಿಗೆ ಆ ಕೆಲವು ಗಂಟೆಗಳು ಹೇಗಿರುತ್ತವೆ ಎಂಬುದನ್ನು ಊಹಿಸಿದರೆ ಸಾಕು.

ನಂಬಬಹುದಾದ ಮೂಲಗಳು ಇವು: ಕುಟುಂಬದ ಹೆಸರಿರುವ ಹೇಳಿಕೆ, ಆಸ್ಪತ್ರೆಯ ಅಧಿಕೃತ ಪ್ರಕಟಣೆ, ಅವರು ಕೆಲಸ ಮಾಡಿದ ಸಂಸ್ಥೆಯ ಪ್ರಕಟಣೆ, ಅಥವಾ ಸುದ್ದಿ ಎಲ್ಲಿಂದ ಬಂತೆಂದು ಸ್ಪಷ್ಟವಾಗಿ ಹೇಳುವ ಸುದ್ದಿಸಂಸ್ಥೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಲೆಕ್ಕ ಹಾಕುವುದರಲ್ಲಿ. ಹತ್ತು ಜಾಲತಾಣಗಳು ಒಂದೇ ಟ್ವೀಟನ್ನು ನೋಡಿ ಬರೆದಿದ್ದರೆ ನಿಮ್ಮ ಬಳಿ ಇರುವುದು ಒಂದೇ ಮೂಲ. ಆ ಒಂದು ಮೂಲವೂ ನಕಲಿ ಖಾತೆಯಾಗಿರಬಹುದು. ಪ್ರಕಾಶಕರ, ಸಚಿವರ ಹೆಸರಿನಲ್ಲಿ ಖಾತೆ ತೆರೆದು ಸಾವಿನ ಸುದ್ದಿ ಹರಿಬಿಟ್ಟ ಪ್ರಕರಣಗಳು ಹಲವು ಬಾರಿ ನಡೆದಿವೆ. ಖಾತೆ ಯಾವಾಗ ತೆರೆದದ್ದು, ಅದರಲ್ಲಿ ಹಿಂದೆ ಏನೇನು ಬಂದಿದೆ ಎಂಬುದನ್ನು ನೋಡಲು ಒಂದು ನಿಮಿಷವೂ ಬೇಡ. ಸ್ಮರಣಾರ್ಥ ಖಾತೆ, ಅಂದರೆ ತೀರಿಕೊಂಡವರ ಖಾತೆಯ ಮೇಲೆ ಜಾಲತಾಣವೇ ಹಾಕುವ ಸ್ಮರಣೆಯ ಗುರುತು, ಕೂಡ ಸಾಕ್ಷ್ಯವಲ್ಲ. 2016ರ ನವೆಂಬರ್‌ನಲ್ಲಿ ಫೇಸ್‌ಬುಕ್‌ನ ತಾಂತ್ರಿಕ ದೋಷದಿಂದ ಅಸಂಖ್ಯ ಬಳಕೆದಾರರ ಖಾತೆಗಳಲ್ಲಿ, ಸಂಸ್ಥಾಪಕ ಮಾರ್ಕ್ ಜುಕರ್‌ಬರ್ಗ್ ಅವರದ್ದರಲ್ಲಿಯೂ, ಈ ಗುರುತು ಕಾಣಿಸಿಕೊಂಡಿತ್ತು.

ಇನ್ನೆರಡು ಬಲೆಗಳಿವೆ. ಐದಾರು ವರ್ಷ ಹಿಂದಿನ ಸಾವಿನ ಸುದ್ದಿ ಇದ್ದಕ್ಕಿದ್ದಂತೆ ಮತ್ತೆ ಹರಿದಾಡುವುದುಂಟು, ಆದ್ದರಿಂದ ಸುದ್ದಿಯ ದಿನಾಂಕವನ್ನು ನೋಡದೆ ಹಂಚಬೇಡಿ. ಒಂದೇ ಹೆಸರಿನ ಇಬ್ಬರಲ್ಲಿ ತೀರಿಕೊಂಡವರು ಯಾರೆಂಬುದನ್ನು ವೃತ್ತಿ ಮತ್ತು ವಯಸ್ಸಿನಿಂದ ಬಿಡಿಸಿಕೊಳ್ಳಿ. ಖಚಿತವಾಗದಿದ್ದರೆ ‘ಎನ್ನಲಾಗಿದೆ’ ಎಂಬ ಪದದ ಮರೆಯಲ್ಲಿ ನಿಂತು ಬರೆಯಬೇಡಿ, ಕಾಯಿರಿ.

ಹಂತ 2: ಹೆಸರು, ದಿನಾಂಕ, ವಯಸ್ಸು

ಇದು ಸುಲಭದ ಕೆಲಸವೆಂದು ಎಲ್ಲರೂ ಭಾವಿಸುವುದರಿಂದಲೇ ಅತಿ ಹೆಚ್ಚು ತಪ್ಪುಗಳು ಇಲ್ಲಿ ನಡೆಯುತ್ತವೆ. ಹುಟ್ಟಿದ ವರ್ಷವನ್ನು ನಿಧನದ ವರ್ಷದಿಂದ ಕಳೆದರೆ ವಯಸ್ಸು ಸಿಗುವುದಿಲ್ಲ. ಡಾ. ರಾಜ್‌ಕುಮಾರ್ ಹುಟ್ಟಿದ್ದು 1929ರ ಏಪ್ರಿಲ್ 24ರಂದು, ನಿಧನರಾದದ್ದು 2006ರ ಏಪ್ರಿಲ್ 12ರಂದು. ವರ್ಷಗಳನ್ನಷ್ಟೇ ಕಳೆದರೆ 77 ಬರುತ್ತದೆ, ಆದರೆ ಅವರಿಗೆ ಆಗ 76 ತುಂಬಿತ್ತು, 77 ತುಂಬಲು 12 ದಿನಗಳು ಬಾಕಿ ಇದ್ದವು. ‘76 ವರ್ಷ ವಯಸ್ಸಾಗಿತ್ತು’ ಎಂದರೂ ‘77ನೇ ವಯಸ್ಸಿನಲ್ಲಿ’ ಎಂದು ಓಡುವ ವರ್ಷವನ್ನು ಎಣಿಸಿ ಹೇಳಿದರೂ ಒಂದೇ ಲೆಕ್ಕ. ಆದರೆ ಶೀರ್ಷಿಕೆಯಲ್ಲಿ ಒಂದು, ಒಳಗೆ ಇನ್ನೊಂದು ಬಂದರೆ ಓದುಗನಿಗೆ ಎರಡರ ಮೇಲೂ ಅನುಮಾನ ಬರುತ್ತದೆ. ತುಂಬಿದ ವರ್ಷಗಳನ್ನು ಹೇಳುವ ಕ್ರಮವನ್ನೇ ಕೊನೆಯವರೆಗೆ ಇಟ್ಟುಕೊಳ್ಳಿ.

ಜನ್ಮದಿನಾಂಕವೇ ದಾಖಲೆಯಿಂದ ದಾಖಲೆಗೆ ಬೇರೆಯಾಗುವುದು ಅಪರೂಪವಲ್ಲ. ಶಾಲೆಗೆ ಸೇರಿಸುವಾಗ ಅಂದಾಜಿನಿಂದ ಬರೆಸಿದ ದಿನಾಂಕವೇ ಮುಂದೆ ಎಲ್ಲ ಕಾಗದಪತ್ರಗಳಲ್ಲಿ ಉಳಿದಿರಬಹುದು. ಫುಟ್‌ಬಾಲ್ ಆಟಗಾರ ಪೆಲೆ ಅವರ ಜನನ ಪ್ರಮಾಣಪತ್ರದಲ್ಲಿ 1940ರ ಅಕ್ಟೋಬರ್ 21 ಎಂದಿದ್ದರೂ ತಾನು ಹುಟ್ಟಿದ್ದು 23ರಂದು ಎಂದು ಅವರೇ ಹೇಳಿದ್ದರು. ಇಂಥಲ್ಲಿ ನೀವೇ ನ್ಯಾಯಾಧೀಶರಾಗದೆ ಎರಡನ್ನೂ ಹೇಳಿ, ಯಾವುದು ಯಾವ ದಾಖಲೆಯದು ಎಂದು ತಿಳಿಸಿ. ಹಾಗೆಯೇ ವಿದೇಶದಲ್ಲಿ ತೀರಿಕೊಂಡವರ ವಿಷಯದಲ್ಲಿ ಗಡಿಯಾರದ ವ್ಯತ್ಯಾಸವನ್ನು ಮರೆಯಬೇಡಿ. ಜಾಕಿರ್ ಹುಸೇನ್ ಅವರ ನಿಧನದ ದಿನಾಂಕ ಡಿಸೆಂಬರ್ 15, ಏಕೆಂದರೆ ಅವರಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ; ಭಾರತದಲ್ಲಿ ಸುದ್ದಿ ಖಚಿತವಾದ ದಿನವನ್ನು ನೋಡಿ 16 ಎಂದು ಬರೆದರೆ ತಪ್ಪಾಗುತ್ತದೆ. ಅವರು ತೀರಿಕೊಂಡ ಸ್ಥಳದ ದಿನಾಂಕವೇ ನಿಧನದ ದಿನಾಂಕ.

ಹೆಸರನ್ನು ಅವರು ತಾವೇ ಹೇಗೆ ಬರೆದುಕೊಳ್ಳುತ್ತಿದ್ದರೋ ಹಾಗೆಯೇ ಬರೆಯಿರಿ. ಇನಿಷಿಯಲ್‌ಗಳ ಕ್ರಮ, ದೀರ್ಘ, ಒತ್ತಕ್ಷರ ಯಾವುದೂ ಚಿಕ್ಕ ವಿಷಯವಲ್ಲ. ತಮ್ಮ ಮನೆಯವರ ಹೆಸರು ತಪ್ಪಾಗಿ ಅಚ್ಚಾದ ಪುಟವನ್ನು ಯಾರೂ ಎತ್ತಿಡುವುದಿಲ್ಲ.

ಹಂತ 3: ಅವರ ಕೆಲಸದ ಪಟ್ಟಿ ಮಾಡಿಕೊಳ್ಳಿ

ಬರೆಯಲು ಕೂರುವ ಮೊದಲು ಒಂದು ಹಾಳೆಯಲ್ಲಿ ಇಸವಿಗಳನ್ನು ಎಡಕ್ಕೂ ಘಟನೆಗಳನ್ನು ಬಲಕ್ಕೂ ಬರೆಯಿರಿ. ಹೀಗೆ ಮಾಡಿದಾಗ ಎರಡು ಸಂಗತಿಗಳು ಹೊಳೆಯುತ್ತವೆ. ಹದಿನಾರನೆಯ ವಯಸ್ಸಿಗೇ ಪ್ರಾಧ್ಯಾಪಕರಾದರು ಎಂಬಂಥ ಅಸಂಭವಗಳು ತಾವಾಗಿ ಸಿಕ್ಕಿಬೀಳುತ್ತವೆ. ಎಲ್ಲ ಜೀವನ ಪರಿಚಯಗಳೂ ಹಾರಿಬಿಟ್ಟ ಖಾಲಿ ವರ್ಷಗಳು ಕಣ್ಣಿಗೆ ಬೀಳುತ್ತವೆ. ಆ ಖಾಲಿ ವರ್ಷಗಳಲ್ಲಿ ಏನು ನಡೆಯಿತು ಎಂದು ಕೇಳಿದರೆ ಬರಹದ ಅತ್ಯುತ್ತಮ ಭಾಗ ಸಿಗುವ ಸಂಭವ ಹೆಚ್ಚು.

ವಿಕಿಪೀಡಿಯಾವನ್ನು ದಾರಿ ತೋರಿಸುವ ಕೈಮರವಾಗಿ ಬಳಸಿ, ಅಲ್ಲಿಯೇ ನಿಂತುಬಿಡಬೇಡಿ. ಸಾವಿನ ದಿನ ಅಂಥ ಪುಟಗಳನ್ನು ನೂರಾರು ಕೈಗಳು ತಿದ್ದುತ್ತಿರುತ್ತವೆ. ಪುಟದ ಇತಿಹಾಸವನ್ನು ತೆರೆದು ಸಾವಿಗೆ ಒಂದು ವಾರ ಮೊದಲಿನ ಆವೃತ್ತಿಯನ್ನು ಓದಿ, ಪ್ರತಿ ಹೇಳಿಕೆಯ ಅಡಿಟಿಪ್ಪಣಿಯನ್ನು ಹಿಂಬಾಲಿಸಿ. ಯಂತ್ರದಿಂದ ಬರೆಸಿದ ನಕಲಿ ನಿಧನ ಪುಟಗಳೂ ಈಗ ಹೇರಳವಾಗಿವೆ. ಜಾಹೀರಾತಿನ ಆದಾಯಕ್ಕಾಗಿ ಗಂಟೆಗಳೊಳಗೆ ಹುಟ್ಟುವ ಇವುಗಳಲ್ಲಿ ಸಾವಿನ ಕಾರಣ, ಮಕ್ಕಳ ಸಂಖ್ಯೆ ಎಲ್ಲವೂ ಕಲ್ಪಿತವಾಗಿರಬಹುದು. ಬರೆದವರ ಹೆಸರಿಲ್ಲದ, ಮೂಲ ಹೇಳದ, ಒಂದೇ ಮಾತನ್ನು ನಾಲ್ಕು ವಾಕ್ಯಗಳಲ್ಲಿ ಹೇಳುವ ಪುಟ ಕಂಡರೆ ಮುಚ್ಚಿಬಿಡಿ.

ಮೂರು ಬಗೆಯ ಹೇಳಿಕೆಗಳನ್ನು ವಿಶೇಷವಾಗಿ ಪರೀಕ್ಷಿಸಬೇಕು. ಮೊದಲನೆಯದು ‘ಮೊದಲಿಗರು’ ಎಂಬ ಹೇಳಿಕೆ. ದೇಶದಲ್ಲೇ ಮೊದಲಿಗರೋ, ಆ ಸಂಸ್ಥೆಯಲ್ಲಿ ಮೊದಲಿಗರೋ, ಮಹಿಳೆಯರಲ್ಲಿ ಮೊದಲಿಗರೋ ಎಂಬುದು ಖಚಿತವಾಗದಿದ್ದರೆ ‘ಆರಂಭದ ಕೆಲವರಲ್ಲಿ ಒಬ್ಬರು’ ಎನ್ನಿ, ಯಾರಿಗೂ ನಷ್ಟವಿಲ್ಲ. ಎರಡನೆಯದು ಪ್ರಶಸ್ತಿಗಳು. ಪ್ರಶಸ್ತಿ ಘೋಷಣೆಯಾದ ವರ್ಷ ಮತ್ತು ಪ್ರದಾನವಾದ ವರ್ಷ ಬೇರೆಯಾಗಿರಬಹುದು. ‘ನೊಬೆಲ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿದ್ದರು’ ಎಂಬ ಸಾಲಿನ ಬಗ್ಗೆ ಸಂಶಯವಿರಲಿ, ಏಕೆಂದರೆ ನೊಬೆಲ್ ನಾಮನಿರ್ದೇಶನಗಳ ವಿವರವನ್ನು ನಿಯಮದಂತೆ 50 ವರ್ಷ ಗುಟ್ಟಾಗಿಡಲಾಗುತ್ತದೆ. ಇತ್ತೀಚಿನ ದಶಕಗಳ ಬಗ್ಗೆ ಯಾರೇ ಹಾಗೆ ಹೇಳಿದರೂ ಅದನ್ನು ಪರಿಶೀಲಿಸುವ ದಾರಿಯಿಲ್ಲ.

ಮೂರನೆಯದು ನುಡಿಮುತ್ತುಗಳು. ಹೆಸರಾಂತರ ಚಿತ್ರದ ಪಕ್ಕದಲ್ಲಿ ಕೂರಿಸಿದ ಮಾತುಗಳಲ್ಲಿ ಹೆಚ್ಚಿನವು ಎಲ್ಲಿ, ಯಾವಾಗ ಆಡಿದ್ದೆಂಬ ಗುರುತಿಲ್ಲದವು. ಉದ್ಯಮಿ ರತನ್ ಟಾಟಾ ಅವರು 2020ರ ಏಪ್ರಿಲ್‌ನಲ್ಲಿ ತಮ್ಮ ಹೆಸರಿನಲ್ಲಿ ಹರಿದಾಡುತ್ತಿದ್ದ ಬರಹವೊಂದನ್ನು ತಾವು ಹೇಳಿಯೂ ಇಲ್ಲ, ಬರೆದೂ ಇಲ್ಲ ಎಂದು ತಾವೇ ಪ್ರಕಟಿಸಬೇಕಾಯಿತು. ಬದುಕಿದ್ದಾಗ ಹೀಗೆ ನಿರಾಕರಿಸಲು ಅವರಿದ್ದರು. ಸತ್ತ ಮೇಲೆ ನಿರಾಕರಿಸುವವರು ಯಾರೂ ಇರುವುದಿಲ್ಲವಾದ್ದರಿಂದ ಆ ಹೊಣೆ ನಿಮ್ಮದು. ಪುಸ್ತಕದ ಪುಟವೋ, ಸಂದರ್ಶನದ ಧ್ವನಿಮುದ್ರಣವೋ, ಭಾಷಣದ ದಿನಾಂಕವೋ ಸಿಗದಿದ್ದರೆ ಆ ಮಾತು ಎಷ್ಟೇ ಚೆನ್ನಾಗಿದ್ದರೂ ಕೈಬಿಡಿ.

ಹಂತ 4: ಬಲ್ಲವರನ್ನು ಮಾತನಾಡಿಸಿ

ಮೊದಲ ದಿನ ಮನೆಯವರನ್ನು ನೇರವಾಗಿ ಕರೆಯಬೇಡಿ. ಸಹೋದ್ಯೋಗಿ, ಶಿಷ್ಯ, ಸಂಸ್ಥೆಯ ಕಾರ್ಯದರ್ಶಿ ಇಂಥವರಿಂದ ಆರಂಭಿಸಿ, ಮನೆಯವರಲ್ಲಿ ಯಾರು ಮಾತನಾಡುವ ಸ್ಥಿತಿಯಲ್ಲಿದ್ದಾರೆ ಎಂಬುದನ್ನು ಅವರಿಂದಲೇ ತಿಳಿಯಿರಿ. ಕರೆ ಮಾಡಿದಾಗ ನೀವು ಯಾರು, ಎಲ್ಲಿಗೆ ಬರೆಯುತ್ತಿದ್ದೀರಿ ಎಂಬುದನ್ನು ಮೊದಲು ಹೇಳಿ, ಈಗ ಬೇಡವೆಂದರೆ ಒತ್ತಾಯಿಸದೆ ಬಿಡಿ.

‘ಅವರ ವ್ಯಕ್ತಿತ್ವದ ಬಗ್ಗೆ ಎರಡು ಮಾತು ಹೇಳಿ’ ಎಂದು ಕೇಳಿದರೆ ನಿಮಗೆ ಸಿಗುವುದು ಎರಡು ವಿಶೇಷಣಗಳು ಮಾತ್ರ. ಅವರ ಮೇಜಿನ ಮೇಲೆ ಯಾವಾಗಲೂ ಏನಿರುತ್ತಿತ್ತು? ಯಾವ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡುತ್ತಿರಲಿಲ್ಲ? ಯಾವುದಕ್ಕೆ ಸಿಟ್ಟು ಬರುತ್ತಿತ್ತು? ಕೊನೆಯ ದಿನಗಳಲ್ಲಿ ಏನನ್ನು ಓದುತ್ತಿದ್ದರು, ಯಾವುದನ್ನು ಮುಗಿಸಬೇಕೆಂದಿದ್ದರು? ನಿಮಗೂ ಅವರಿಗೂ ಯಾವ ವಿಷಯದಲ್ಲಿ ಜಗಳವಾಗುತ್ತಿತ್ತು? ಈ ಕೊನೆಯ ಪ್ರಶ್ನೆಯನ್ನು ಕೇಳಲು ಬಹಳ ಮಂದಿ ಹಿಂಜರಿಯುತ್ತಾರೆ, ಆದರೆ ದುಃಖದಲ್ಲಿರುವವರು ನಗುವುದು ಈ ಪ್ರಶ್ನೆಗೇ, ಮತ್ತು ನಿಜವಾದ ಮನುಷ್ಯ ಹೊರಬರುವುದೂ ಆ ಉತ್ತರದಲ್ಲೇ.

ಅಗಲಿದವರ ಕೊನೆಯ ಇಚ್ಛೆ ಏನಿತ್ತೆಂದು ಕೂಡ ಕೇಳಿ ತಿಳಿದುಕೊಳ್ಳಿ. ನಾಟಕಕಾರ ಗಿರೀಶ ಕಾರ್ನಾಡರು 2019ರ ಜೂನ್ 10ರಂದು ನಿಧನರಾದಾಗ ಅವರ ಇಚ್ಛೆಯಂತೆ ಮೆರವಣಿಗೆಯಾಗಲಿ ಸರ್ಕಾರಿ ಗೌರವವಾಗಲಿ ಇರಲಿಲ್ಲ. ಆಡಂಬರ ಬೇಡವೆಂದವರ ಬಗ್ಗೆ ಆಡಂಬರದ ಭಾಷೆಯಲ್ಲಿ ಬರೆಯುವುದು, ಧಾರ್ಮಿಕ ವಿಧಿಗಳನ್ನು ಒಲ್ಲದವರ ಆತ್ಮಕ್ಕೆ ಸದ್ಗತಿ ಕೋರುವುದು, ಎಷ್ಟೇ ಸದುದ್ದೇಶದಿಂದ ಮಾಡಿದರೂ ಅವರ ಮಾತನ್ನು ಮೀರಿದಂತೆ. ‘ನಿಧನರಾದರು’ ಎಂಬುದು ಎಲ್ಲರಿಗೂ ಹೊಂದುತ್ತದೆ. ನಂಬಿಕೆಯನ್ನು ಸೂಚಿಸುವ ಪದಗಳನ್ನು ಆ ನಂಬಿಕೆ ಅವರದ್ದಾಗಿತ್ತೆಂದು ಗೊತ್ತಿದ್ದರೆ ಮಾತ್ರ ಬಳಸಿ.

ಹಂತ 5: ಬರೆಯುವುದು

ಮೊದಲ ವಾಕ್ಯದಲ್ಲಿ ಅವರು ಯಾರು ಎಂಬುದು ಅವರು ಮಾಡಿದ ಕೆಲಸದ ಮೂಲಕ ಬರಬೇಕು. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ‘ಖ್ಯಾತ ವಿಜ್ಞಾನಿ ಜಯಂತ್ ನಾರ್ಳೀಕರ್ ಅವರ ನಿಧನದಿಂದ ವಿಜ್ಞಾನ ಲೋಕಕ್ಕೆ ತುಂಬಲಾರದ ನಷ್ಟವಾಗಿದೆ’ ಎಂಬ ವಾಕ್ಯದಲ್ಲಿ ಹೆಸರನ್ನು ಬದಲಿಸಿದರೆ ಅದು ಯಾವ ವಿಜ್ಞಾನಿಗೂ ಸಲ್ಲುತ್ತದೆ. ಇದನ್ನು ಹೀಗೆ ಬರೆಯಬಹುದು: ‘ವಿಶ್ವವು ಮಹಾಸ್ಫೋಟದಿಂದ ಆರಂಭವಾಯಿತೆಂದು ಬಹುತೇಕ ವಿಜ್ಞಾನಿಗಳು ಒಪ್ಪಿದ ಮೇಲೂ ಅದಕ್ಕೆ ಪರ್ಯಾಯವಾದ ಸಿದ್ಧಾಂತವನ್ನು ಪ್ರತಿಪಾದಿಸುತ್ತಲೇ ಇದ್ದ, ಮರಾಠಿಯಲ್ಲಿ ವೈಜ್ಞಾನಿಕ ಕಥೆಗಳನ್ನೂ ಬರೆದ ಖಭೌತ ವಿಜ್ಞಾನಿ ಜಯಂತ್ ನಾರ್ಳೀಕರ್ ಅವರು 2025ರ ಮೇ 20ರಂದು ಪುಣೆಯಲ್ಲಿ ನಿಧನರಾದರು. ಅವರಿಗೆ 86 ವರ್ಷ ವಯಸ್ಸಾಗಿತ್ತು.’ ಈ ಎರಡು ವಾಕ್ಯಗಳು ಇನ್ನಾರಿಗೂ ಸಲ್ಲುವುದಿಲ್ಲ. ಹೊಗಳಿಕೆ ಒಂದೂ ಇಲ್ಲದಿದ್ದರೂ ಓದುಗ ಮುಂದಕ್ಕೆ ಓದುತ್ತಾನೆ.

ಎರಡನೆಯ ಪ್ಯಾರಾದಲ್ಲಿ ಕೆಲಸವನ್ನು ಬಿಡಿಸಿ ಹೇಳಿ. ಪಾರಿಭಾಷಿಕ ಪದ ಬಂದಲ್ಲಿ ಅದೇ ವಾಕ್ಯದಲ್ಲಿ ಅರ್ಥವೂ ಬರಲಿ. ಇದೇ ಉದಾಹರಣೆಯಲ್ಲಿ ಸ್ಥಿರಸ್ಥಿತಿ ಸಿದ್ಧಾಂತ ಎಂದರೆ ವಿಶ್ವಕ್ಕೆ ಆದಿಯೆಂಬುದಿಲ್ಲ, ಅದು ಹಿಗ್ಗುತ್ತ ಹೋದಂತೆ ಹೊಸ ದ್ರವ್ಯ ಹುಟ್ಟುತ್ತ ಅದರ ಸಾಂದ್ರತೆ ಒಂದೇ ತೆರನಾಗಿ ಉಳಿಯುತ್ತದೆ ಎಂಬ ವಾದ ಎಂದು ಹೇಳಬೇಕು. ಅವರು ಬ್ರಿಟಿಷ್ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಅವರೊಂದಿಗೆ ಗುರುತ್ವದ ಸಿದ್ಧಾಂತವೊಂದನ್ನು ರೂಪಿಸಿದರು, ಪುಣೆಯಲ್ಲಿ 1988ರಲ್ಲಿ ಸ್ಥಾಪನೆಯಾದ ಖಗೋಳ ಮತ್ತು ಖಭೌತ ವಿಜ್ಞಾನದ ಅಂತರ ವಿಶ್ವವಿದ್ಯಾಲಯ ಕೇಂದ್ರದ ಸ್ಥಾಪಕ ನಿರ್ದೇಶಕರಾಗಿದ್ದರು ಎಂಬ ಸಂಗತಿಗಳು ಆಮೇಲೆ ಬರಲಿ. ಹುಟ್ಟು, ಬಾಲ್ಯ, ಓದು ಮೂರನೆಯ ಪ್ಯಾರಾಕ್ಕೆ ಬಂದರೂ ತಡವಾಗುವುದಿಲ್ಲ. ಹುಟ್ಟಿನಿಂದಲೇ ಆರಂಭಿಸುವ ಅಭ್ಯಾಸ ನಮಗೆ ಶಾಲೆಯ ಪ್ರಬಂಧಗಳಿಂದ ಬಂದದ್ದು.

ಬರೆದ ಮೇಲೆ ಕರಡನ್ನು ಹಿಡಿದು ಈ ಪದಗಳನ್ನು ಹುಡುಕಿ: ಅಜಾತಶತ್ರು, ಮೇರು ವ್ಯಕ್ತಿತ್ವ, ಸರಳ ಸಜ್ಜನಿಕೆ, ಬಹುಮುಖ ಪ್ರತಿಭೆ, ತುಂಬಲಾರದ ನಷ್ಟ, ಯುಗಾಂತ್ಯ, ಅಪಾರ ಬಂಧುಬಳಗ. ಪ್ರತಿಯೊಂದನ್ನೂ ಅಳಿಸಿ, ಆ ಪದ ಬರೆಯುವಾಗ ನಿಮ್ಮ ಮನಸ್ಸಿನಲ್ಲಿದ್ದ ಘಟನೆಯನ್ನು ಅಲ್ಲಿ ಬರೆಯಿರಿ. ಘಟನೆ ಯಾವುದೂ ಇರಲಿಲ್ಲವೆಂದಾದರೆ ಆ ಜಾಗ ಖಾಲಿಯೇ ಇರಲಿ.

ನಿಮ್ಮ ಹಾಗೂ ಅವರ ಒಡನಾಟವನ್ನು ಎಷ್ಟು ತರಬಹುದು? ಆ ಪ್ರಸಂಗದಲ್ಲಿ ಓದುಗನಿಗೆ ಅವರ ಬಗ್ಗೆ ಹೊಸದೇನಾದರೂ ತಿಳಿಯುವುದಾದರೆ ತನ್ನಿ. ಅವರು ನಿಮ್ಮ ಬೆನ್ನು ತಟ್ಟಿದ್ದು, ನಿಮ್ಮ ಪುಸ್ತಕ ಬಿಡುಗಡೆ ಮಾಡಿದ್ದು ಆ ಸಾಲಿಗೆ ಸೇರುವುದಿಲ್ಲ.

ಹಂತ 6: ಕಷ್ಟದ ವಿಷಯಗಳು

ಅಗಲಿದವರ ತಪ್ಪುಗಳನ್ನು ಹೇಳಬಹುದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಸಾರ್ವಜನಿಕ ಬದುಕಿನಲ್ಲಿದ್ದವರ ಸಾರ್ವಜನಿಕ ಕೆಲಸಗಳನ್ನು, ದಾಖಲಾದ ವಿವಾದಗಳನ್ನು ಹೇಳಬೇಕು ಎಂಬುದೇ ನನ್ನ ಅಭಿಪ್ರಾಯ. ನಾರ್ಳೀಕರ್ ಅವರ ಸಿದ್ಧಾಂತವನ್ನು ಬಹುತೇಕ ವಿಜ್ಞಾನಿಗಳು ಒಪ್ಪಲಿಲ್ಲ ಎಂಬುದನ್ನು ಮುಚ್ಚಿಟ್ಟರೆ ಬಹುಮತದ ಎದುರು ದಶಕಗಳ ಕಾಲ ನಿಂತ ಅವರ ಛಲವೂ ಮುಚ್ಚಿಹೋಗುತ್ತದೆ. ಅಧಿಕಾರದಲ್ಲಿದ್ದವರ ವಿಷಯದಲ್ಲಂತೂ ಅವರ ತೀರ್ಮಾನಗಳಿಂದ ನೊಂದವರೂ ನಿಮ್ಮ ಓದುಗರೇ ಎಂಬುದನ್ನು ಮರೆಯುವಂತಿಲ್ಲ. ಆದರೆ ಆರೋಪಕ್ಕೂ ಸಾಬೀತಾದ ಅಪರಾಧಕ್ಕೂ ಇರುವ ಅಂತರವನ್ನು ಕಾಯ್ದುಕೊಳ್ಳಬೇಕು, ಖುಲಾಸೆಯಾಗಿದ್ದರೆ ಅದನ್ನೂ ಹೇಳಬೇಕು. ಸತ್ತವರ ಮೇಲೆ ಏನು ಬೇಕಾದರೂ ಬರೆಯಬಹುದೆಂಬ ಭಾವನೆ ತಪ್ಪು. ಮನೆಯವರ ಭಾವನೆಗೆ ನೋವುಂಟುಮಾಡುವ ಉದ್ದೇಶದ ಆರೋಪವನ್ನು ಮಾನನಷ್ಟವೆಂದು ಪರಿಗಣಿಸುವ ಕಾನೂನುಗಳಿವೆ. ವಿಕಿಪೀಡಿಯಾ ಕೂಡ ಬದುಕಿರುವವರ ಕುರಿತ ತನ್ನ ಕಟ್ಟುನಿಟ್ಟಿನ ನೀತಿಯನ್ನು ಇತ್ತೀಚೆಗೆ ತೀರಿಕೊಂಡವರಿಗೆ ಸ್ವಲ್ಪ ಕಾಲದವರೆಗೆ, ಹೆಚ್ಚೆಂದರೆ ಎರಡು ವರ್ಷದವರೆಗೆ, ವಿಸ್ತರಿಸುತ್ತದೆ.

ಸಾವಿನ ಕಾರಣವನ್ನು ಮನೆಯವರು ಅಥವಾ ಆಸ್ಪತ್ರೆ ಪ್ರಕಟಿಸಿದ್ದರೆ ಮಾತ್ರ ಬರೆಯಿರಿ. ‘ಕೆಲಕಾಲದಿಂದ ಅಸ್ವಸ್ಥರಾಗಿದ್ದರು’ ಎಂಬುದಕ್ಕಿಂತ ಹೆಚ್ಚಿನದನ್ನು ತಿಳಿಯುವ ಹಕ್ಕು ಎಲ್ಲ ಓದುಗರಿಗೂ ಇರುವುದಿಲ್ಲ. ಆತ್ಮಹತ್ಯೆಯ ಪ್ರಕರಣದಲ್ಲಿ ಇನ್ನಷ್ಟು ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯು ಮಾಧ್ಯಮದವರಿಗಾಗಿ ಹೊರತಂದಿರುವ, 2023ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಹೇಳುವುದು ಇಷ್ಟು: ವಿಧಾನವನ್ನು ವರ್ಣಿಸಬಾರದು, ಸ್ಥಳದ ವಿವರ ಕೊಡಬಾರದು, ಬರೆದಿಟ್ಟ ಪತ್ರವನ್ನು ಪ್ರಕಟಿಸಬಾರದು, ಶೀರ್ಷಿಕೆಯಲ್ಲಿ ಅದನ್ನು ಮೆರೆಸಬಾರದು, ಒಂದೇ ಕಾರಣಕ್ಕೆ ಗಂಟುಹಾಕಿ ಸರಳಗೊಳಿಸಬಾರದು, ನೆರವು ಎಲ್ಲಿ ಸಿಗುತ್ತದೆ ಎಂಬುದನ್ನು ಹೇಳಬೇಕು. ಹೆಸರಾಂತರ ಆತ್ಮಹತ್ಯೆಯನ್ನು ವೈಭವೀಕರಿಸಿದಾಗ ಅದನ್ನು ಅನುಕರಿಸುವ ಸಾವುಗಳು ಹೆಚ್ಚುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವುದೇ ಈ ನಿಯಮಗಳಿಗೆ ಕಾರಣ. ‘ಕೊನೆಗೂ ನೋವಿನಿಂದ ಮುಕ್ತಿ ಪಡೆದರು’ ಎಂಬಂಥ ಸಾಲು ಸಾಂತ್ವನದಂತೆ ಕಂಡರೂ ಅದೇ ನೋವಿನಲ್ಲಿರುವ ಓದುಗನಿಗೆ ಅದೊಂದು ಸಲಹೆಯಂತೆ ಕೇಳಿಸಬಹುದು.

ಹಂತ 7: ಹೆಸರಾಂತರಲ್ಲದವರಾದರೆ

ಮೇಲಿನ ಹಂತಗಳು ಇಲ್ಲಿಯೂ ಅನ್ವಯಿಸುತ್ತವೆ, ಆದರೆ ಎರಡು ವ್ಯತ್ಯಾಸಗಳಿವೆ. ಒಂದು, ಮನೆಯವರ ಒಪ್ಪಿಗೆ ಇಲ್ಲಿ ಕಡ್ಡಾಯ. ಪ್ರಕಟಿಸುವ ಮೊದಲು ಅವರಲ್ಲಿ ಒಬ್ಬರಿಗೆ ಓದಿ ಹೇಳಿ. ಪೂರ್ಣ ಜನ್ಮದಿನಾಂಕ, ತಾಯಿಯ ತವರಿನ ಹೆಸರು, ಮನೆಯ ವಿಳಾಸ, ಚಿಕ್ಕ ಮಕ್ಕಳ ಹೆಸರು ಇವನ್ನೆಲ್ಲ ಬಿಟ್ಟುಬಿಡಿ; ಅಗಲಿದವರ ಗುರುತನ್ನು ಬಳಸಿ ಹಣಕಾಸಿನ ವಂಚನೆ ಮಾಡುವವರಿಗೆ ಬೇಕಾದ ವಿವರಗಳು ಇವೇ. ಅಂತ್ಯಕ್ರಿಯೆಯ ಹೊತ್ತನ್ನೂ ಮನೆಯ ವಿಳಾಸವನ್ನೂ ಒಟ್ಟಿಗೆ ಪ್ರಕಟಿಸಿದರೆ ಮನೆ ಯಾವಾಗ ಬೀಗ ಹಾಕಿರುತ್ತದೆ ಎಂದು ಸಾರಿದಂತಾಗುತ್ತದೆ.

ಎರಡು, ಪ್ರಶಸ್ತಿಗಳೂ ಪುಸ್ತಕಗಳೂ ಇಲ್ಲದಿರುವುದರಿಂದ ಬರೆಯಲು ಏನೂ ಇಲ್ಲವೆನಿಸುತ್ತದೆ. ಹಾಗೆನಿಸಿದಾಗ ಅವರ ದಿನಚರಿಯನ್ನು ನೋಡಿ. ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳಿ. ಗ್ರಂಥಪಾಲಕರೊಬ್ಬರನ್ನು ‘ಮಕ್ಕಳ ಪ್ರೀತಿಯ, ನಿಸ್ವಾರ್ಥ ಸೇವಕ’ ಎನ್ನುವ ಬದಲು, ಗಡುವು ಮೀರಿದ ಪುಸ್ತಕ ತರಲು ಅಂಜುವ ಮಕ್ಕಳಿಗಾಗಿ ಅವರು ಬಾಗಿಲ ಹೊರಗೊಂದು ಮರದ ಪೆಟ್ಟಿಗೆ ಇಟ್ಟಿದ್ದರು, ಅದಕ್ಕೆ ಬಿದ್ದ ಪುಸ್ತಕಗಳ ದಂಡವನ್ನು ದಾಖಲೆಯಲ್ಲಿ ಬರೆಯುತ್ತಿರಲಿಲ್ಲ, ಪುಟ ಹರಿದಿದ್ದರೆ ಸಂಜೆ ತಾವೇ ಅಂಟು ಹಚ್ಚಿ ಭಾರ ಹೇರಿಡುತ್ತಿದ್ದರು ಎಂದು ಬರೆದರೆ ‘ನಿಸ್ವಾರ್ಥ’ ಎಂಬ ಪದವೇ ಬೇಕಾಗುವುದಿಲ್ಲ.

ಹಂತ 8: ಚಿತ್ರ

ಅಂತರ್ಜಾಲದಲ್ಲಿ ಸಿಕ್ಕ ಚಿತ್ರ ಎಲ್ಲರ ಸ್ವತ್ತಲ್ಲ. ಅದರ ಹಕ್ಕು ಸಾಮಾನ್ಯವಾಗಿ ಛಾಯಾಗ್ರಾಹಕರದ್ದು ಅಥವಾ ಅವರಿಂದ ಹಕ್ಕು ಪಡೆದ ಸಂಸ್ಥೆಯದ್ದು. ಮನೆಯವರಿಂದ ಕೇಳಿ ಪಡೆಯಿರಿ, ಇಲ್ಲವೇ ವಿಕಿಮೀಡಿಯಾ ಕಾಮನ್ಸ್‌ನಂಥ ಕಡೆ ಮುಕ್ತ ಪರವಾನಗಿಯ, ಅಂದರೆ ಷರತ್ತಿನ ಮೇಲೆ ಎಲ್ಲರೂ ಬಳಸಬಹುದಾದ, ಚಿತ್ರವನ್ನು ಆರಿಸಿ ತೆಗೆದವರ ಹೆಸರು ಹಾಕಿ. ಚಿತ್ರದಲ್ಲಿರುವವರು ಅವರೇ ಎಂದು ಬಲ್ಲವರೊಬ್ಬರಿಂದ ಖಚಿತಪಡಿಸಿಕೊಳ್ಳಿ. 2020ರ ಜನವರಿಯಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ತೀರಿಕೊಂಡಾಗ ಪ್ರತಿಷ್ಠಿತ ಸುದ್ದಿವಾಹಿನಿಯೊಂದು ಇನ್ನೊಬ್ಬ ಆಟಗಾರ ಲೆಬ್ರಾನ್ ಜೇಮ್ಸ್ ಅವರ ದೃಶ್ಯವನ್ನು ತೋರಿಸಿ ಕ್ಷಮೆ ಕೇಳಬೇಕಾಯಿತು. ಆಸ್ಪತ್ರೆಯ ಹಾಸಿಗೆಯ ಚಿತ್ರ, ಪಾರ್ಥಿವ ಶರೀರದ ಚಿತ್ರ ಬೇಡ. ಅವರು ಕೆಲಸದಲ್ಲಿ ತೊಡಗಿರುವ ಚಿತ್ರ ಸಿಕ್ಕರೆ ಅದೇ ಉತ್ತಮ.

ಹಂತ 9: ಪ್ರಕಟಣೆ ಮತ್ತು ತಿದ್ದುಪಡಿ

ಎಷ್ಟು ಬೇಗ ಎಂಬ ಪ್ರಶ್ನೆಗೆ ಉತ್ತರ: ಸುದ್ದಿ ಕೊಡುವ ಹೊಣೆ ನಿಮ್ಮದಲ್ಲದಿದ್ದರೆ ಒಂದು ರಾತ್ರಿ ಕಳೆಯಲಿ. ಮರುದಿನ ಬೆಳಿಗ್ಗೆ ಓದಿದಾಗ ವಿಶೇಷಣಗಳು ತಾವಾಗಿ ಎದ್ದು ಕಾಣುತ್ತವೆ. ದೊಡ್ಡ ಪತ್ರಿಕೆಗಳು ಹಿರಿಯರ ಬಗ್ಗೆ ಮೊದಲೇ ಕರಡು ಸಿದ್ಧಪಡಿಸಿಟ್ಟುಕೊಳ್ಳುತ್ತವೆ, ಅದರಲ್ಲಿ ಅಶುಭವೇನೂ ಇಲ್ಲ. ಆದರೆ ಅದನ್ನು ಪ್ರಕಟಣೆಯ ಗುಂಡಿಯಿಂದ ದೂರ ಇಡಬೇಕು. 2020ರ ನವೆಂಬರ್‌ನಲ್ಲಿ ರೇಡಿಯೊ ಫ್ರಾನ್ಸ್ ಇಂಟರ್‌ನ್ಯಾಷನಲ್‌ನ ಜಾಲತಾಣದಲ್ಲಿ ತಾಂತ್ರಿಕ ತೊಂದರೆಯಿಂದ ಇಂಥ ಸುಮಾರು ನೂರು ಕರಡುಗಳು ಹೊರಬಿದ್ದು, ಆಗ ಬದುಕಿದ್ದ ರಾಣಿ ಎಲಿಜಬೆತ್ ಮತ್ತು ಪೆಲೆ ಇಬ್ಬರ 'ನಿಧನ'ವೂ ಪ್ರಕಟವಾಗಿಬಿಟ್ಟಿತ್ತು.

ತಡವಾಯಿತೆಂದು ಕೈಬಿಡಬೇಡಿ. ದಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2018ರ ಮಾರ್ಚ್‌ನಲ್ಲಿ, ತನ್ನ ಪುಟಗಳಲ್ಲಿ ನಿಧನ ಬರಹ ಕಾಣದೆ ಹೋದ ಮಹಿಳೆಯರ ಬಗ್ಗೆ ಬರೆಯುವ ಮಾಲಿಕೆಯೊಂದನ್ನು ಆರಂಭಿಸಿತು. ಮೊದಲ ಕಂತಿನಲ್ಲಿದ್ದವರಲ್ಲಿ 1969ರಲ್ಲಿ ತೀರಿಕೊಂಡ ನಟಿ ಮಧುಬಾಲಾ ಅವರೂ ಒಬ್ಬರು.

ಪ್ರಕಟವಾದ ಮೇಲೆ ತಪ್ಪು ತಿಳಿದುಬಂದರೆ ಸದ್ದಿಲ್ಲದೆ ತಿದ್ದಬೇಡಿ. ಯಾವುದು ತಪ್ಪಾಗಿತ್ತು, ಯಾವ ದಿನ ತಿದ್ದಲಾಯಿತು ಎಂಬುದನ್ನು ಬರಹದ ಕೊನೆಯಲ್ಲಿ ಒಂದು ಸಾಲಿನಲ್ಲಿ ತಿಳಿಸಿ, ಏಕೆಂದರೆ ನಿಮ್ಮ ಮೊದಲ ಆವೃತ್ತಿಯನ್ನು ಆಗಲೇ ಬೇರೆಯವರು ನಕಲಿಸಿಕೊಂಡಿರುತ್ತಾರೆ. ಮೊದಲ ವಾರದಲ್ಲಿ ಬರುವ ತಿದ್ದುಪಡಿಗಳು ಹೆಚ್ಚಾಗಿ ಬಂಧುಗಳಿಂದ, ಹಳೆಯ ಸಹಪಾಠಿಗಳಿಂದ ಬರುತ್ತವೆ; ಅವರು ಕಳಿಸಿದ ಹೊಸ ಸಂಗತಿಗಳನ್ನು ದಿನಾಂಕದೊಂದಿಗೆ ಹಂತ 3ರ ಹಾಳೆಯಲ್ಲಿ ಸೇರಿಸಿ ಎತ್ತಿಡಿ. ಮುಂದೆ ವ್ಯಕ್ತಿಚಿತ್ರ ಬರೆಯುವುದಿದ್ದರೆ ಆರಂಭಿಸಬೇಕಾದದ್ದು ಆ ಹಾಳೆಯಿಂದ.